ಒಂದೂವರೆ ಗ್ರಾಮಿನ ಅಭಯಹಸ್ತ

"ಎಷ್ಟು ಗ್ರಾಮು?" ಅಂದಳು ಅಮ್ಮ.

ಅವಳ ಅಂಗೈಯಲ್ಲಿದ್ದದ್ದು ಸಾವಿರ ವರ್ಷ ದಾಟಿದ ಬೆಳ್ಳಿ ನಾಣ್ಯ. ಇಂಗ್ಲೆಂಡಿನ ರಾಜ ಎಥೆಲ್‌ರೆಡ್ಡನ ಕಾಲದ ಪೆನ್ನಿ. ಯಾವ ರಾಜ, ಯಾವ ಕಾಲ ಅಂತ ಕೇಳ್ತಾಳೆ ಅಂದುಕೊಂಡು ನಾನು ಒಂದು ಪುಟ್ಟ ಭಾಷಣವನ್ನೇ ರೆಡಿ ಮಾಡಿಕೊಂಡಿದ್ದೆ.

"ಒಂದೂವರೆ" ಅಂದೆ.

"ಕೊಟ್ಟಿದ್ದೆಷ್ಟು?"

ನಾನೂರು ಪೌಂಡ್ ಅನ್ನುವುದನ್ನು ಕೆಮ್ಮಿನ ಜೊತೆ ಸೇರಿಸಿ ಹೇಳಿದೆ. ಅಮ್ಮ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿದಳು. "ಅಷ್ಟು ದುಡ್ಡಿಗೆ ಬೆಳ್ಳಿ ದೀಪದ ಕಂಬವೇ ಬರ್ತಿತ್ತಲ್ಲೋ! ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ."

ಟೋಪಿ ಹಾಕಿಸಿಕೊಂಡಿದ್ದೆ ನಿಜ, ಆದರೆ ಅದು ಹಿಂದಿನ ನಾಣ್ಯಕ್ಕೆ. ನಾವಿರುವುದು ಲೀಡ್ಸ್‌ನಲ್ಲಿ. ಪಕ್ಕದ ಯಾರ್ಕ್ ಒಂದು ಕಾಲದಲ್ಲಿ ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ದಂಡೆತ್ತಿ ಬಂದವರ ಊರು. ಅಲ್ಲಿ ಕಾಪರ್‌ಗೇಟ್ ಅನ್ನುವ ಬೀದಿಯಲ್ಲಿ ಅಗೆದಾಗ ನಾಣ್ಯ ಒತ್ತುವ ಅಚ್ಚುಗಳೇ ಸಿಕ್ಕಿವೆ. ಒಂದು ಶನಿವಾರ ಸುಮ್ನೆ ಸುತ್ತಾಡಿ ಬಂದವನಿಗೆ ಹುಚ್ಚು ಹತ್ತಿತು. ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಫಳಫಳ ಹೊಳೆಯುವ ಒಂದು ನಾಣ್ಯ ತರಿಸಿದೆ. ನಾಣ್ಯ ಮೇಳದಲ್ಲಿ ಒಬ್ಬ ಹಿರಿಯ ವ್ಯಾಪಾರಿ ಅದರ ಅಂಚು ಮಾತ್ರ ನೋಡಿದರು. ಸುತ್ತಲೂ ಸಣ್ಣ ಗೆರೆ. ಆ ಕಾಲದ ನಾಣ್ಯವನ್ನು ಸುತ್ತಿಗೆಯಲ್ಲಿ ಬಡಿದು ಅಚ್ಚು ಮೂಡಿಸುತ್ತಿದ್ದರು, ಗೆರೆ ಇರುವುದಿಲ್ಲ. ನನ್ನದು ಎರಕ ಹೊಯ್ದದ್ದು. ಹರಿದ ನೋಟನ್ನು ಬಸ್ ಕಂಡಕ್ಟರ್ ವಾಪಸ್ ಕೊಡ್ತಾರಲ್ಲ, ಹಾಗೆ ಎರಡೇ ಬೆರಳಲ್ಲಿ ಹಿಡಿದು ಕೊಟ್ಟರು.

ಹಾಗಾಗಿ ಎರಡನೆಯದನ್ನು ಅವರ ಹತ್ತಿರವೇ ಕೊಂಡೆ. ಇದರ ಮೇಲೆ ಅಲ್ಲಲ್ಲಿ ಚುಚ್ಚಿದ ಗುರುತುಗಳಿದ್ದವು. ಡ್ಯಾಮೇಜ್ ಅಂತ ಚೌಕಾಸಿಗೆ ಇಳಿದೆ. ಅವರು ನಕ್ಕರು. ವೈಕಿಂಗರಿಗೆ ರಾಜನ ಮುಖದ ಮೇಲೆ ನಂಬಿಕೆ ಇರಲಿಲ್ಲವಂತೆ. ಚಾಕುವಿನ ಮೊನೆಯಿಂದ ಚುಚ್ಚಿ, ಬಗ್ಗಿಸಿ, ಒಳಗೂ ಬೆಳ್ಳಿಯೇ ಇದೆಯಾ ನೋಡುತ್ತಿದ್ದರು. ಆಮೇಲೆ ತಕ್ಕಡಿಗೆ ಹಾಕುತ್ತಿದ್ದರು. ಚಿಲ್ಲರೆ ಬೇಕಾದರೆ ಕತ್ತರಿಸುವುದು, ಅಷ್ಟೇ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ನಮ್ಮ ಆಚಾರ್ರೂ ಒರೆಗಲ್ಲಿಗೆ ಉಜ್ಜದೆ ಮುಟ್ಟುತ್ತಲೇ ಇರಲಿಲ್ಲ" ಅಂದಳು. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ಸ್ಪಿಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕ ವೈಕಿಂಗರ ನಿಧಿಯ ಬಗ್ಗೆಯೂ ಹೇಳಿದೆ. ಸುಮಾರು 67 ಕೆಜಿ ಬೆಳ್ಳಿ, 14 ಸಾವಿರಕ್ಕೂ ಜಾಸ್ತಿ ನಾಣ್ಯ, ಬಹುಪಾಲು ಅರಬ್ಬರ ದಿರ್ಹಮ್. ಅಮ್ಮನ ಕಣ್ಣು ಅರಳಿತು. "ನೋಡು, ಅವರು ಬುದ್ಧಿವಂತರು. ತೂಕಕ್ಕೆ ತಗೊಂಡಿದಾರೆ." ವೈಕಿಂಗರ ಬಗ್ಗೆ ಆರು ಪುಸ್ತಕ ಓದಿದವನು ನಾನು. ಮನೆಯಲ್ಲಿ ವೈಕಿಂಗ್ ಬುದ್ಧಿ ಇದ್ದದ್ದು ಮಾತ್ರ ಅವಳಿಗೆ.

ಮಾತಿನ ಭರದಲ್ಲಿ ನಾಣ್ಯ ಕೈಜಾರಿತು.

ಬೂದು ಬಣ್ಣದ ನಾಣ್ಯ, ಬೂದು ಬಣ್ಣದ ಕಾರ್ಪೆಟ್. ಅರ್ಧ ಗಂಟೆ ಮೂರೂ ಜನ ಅಂಬೆಗಾಲಿಟ್ಟೆವು. ನಾನು ಟಾರ್ಚ್ ತರಲು ಗ್ಯಾರೇಜಿಗೆ ಹೋದಾಗ ನನ್ನವಳು ಸಹಾಯ ಮಾಡೋಣ ಅಂತ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದ್ದಳು. ಒಳಗೆ ಟಕ್ ಅಂತ ಸದ್ದಾಯಿತಂತೆ. ಹಿತ್ತಲಲ್ಲಿ ಪೇಪರ್ ಹಾಸಿ ಧೂಳಿನ ಚೀಲ ಬಿಚ್ಚಿದೆ. ಉತ್ಖನನ ಅಂದರೆ ಇದೇ ಅಲ್ವಾ? ಮೇಲಿನ ಪದರದಲ್ಲಿ ಭಾನುವಾರದ ಅವಲಕ್ಕಿ. ಅದರ ಕೆಳಗೆ ಗಣೇಶನ ಹಬ್ಬದ ಅಕ್ಷತೆ. ಇನ್ನೂ ಕೆಳಗೆ ನಾನು ಕಳೆದುಹೋಯಿತೆಂದು ಬೇರೆಯವರ ಮೇಲೆ ಗುಮಾನಿಪಟ್ಟ ಶರ್ಟಿನ ಗುಂಡಿ. ಕೊನೆಗೆ ಬೆಳ್ಳಗೆ, ದುಂಡಗೆ ಏನೋ ಮಿನುಗಿತು. ಐದು ಪೆನ್ಸ್. ಎಲಿಜಬೆತ್ ರಾಣಿಯದು.

ಎಥೆಲ್‌ರೆಡ್ ಸಿಕ್ಕಿದ್ದು ಆಮೇಲೆ, ಕೂದಲಿನ ಉಂಡೆಯೊಳಗೆ.

"ಕೊಡಿಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿಬಿಡ್ತೀನಿ" ಅಂತ ಅಮ್ಮ ಸಿಂಕ್ ಕಡೆ ಹೊರಟಳು. ನಾನು ಅಡ್ಡ ಬಿದ್ದೆ. ಹಳೇ ನಾಣ್ಯದ ಆ ಕಪ್ಪೇ ಅದರ ವಯಸ್ಸು. ತಿಕ್ಕಿ ಬೆಳ್ಳಗೆ ಮಾಡಿದರೆ ಕೊಳ್ಳುವವರು ಮೂಸಿಯೂ ನೋಡಲ್ಲ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಬೇಸರದಲ್ಲಿ ನಾಣ್ಯ ತಿರುಗಿಸಿದವಳು ಹಾಗೇ ನಿಂತಳು.

ಈ ಪೆನ್ನಿ 980ರ ದಶಕದ್ದು. ಹಿಂಬದಿಯಲ್ಲಿ ಆಕಾಶದಿಂದ ಇಳಿದು ಬರುವ ದೇವರ ಕೈ ಇದೆ. ಅದರ ಒಂದು ಪಕ್ಕ ಆಲ್ಫಾ, ಇನ್ನೊಂದು ಪಕ್ಕ ಒಮೇಗಾ.

"ಅಭಯಹಸ್ತ ಕಣೋ! ಆಚೆ ಈಚೆ ಶಂಖ ಚಕ್ರ."

"ಅಮ್ಮಾ, ಅದು ಗ್ರೀಕ್ ಅಕ್ಷರ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ದೀಪಾವಳಿಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಎಥೆಲ್‌ರೆಡ್ ಲಕ್ಷ್ಮಿಯ ಪಕ್ಕ ಕೂತಿದ್ದ. ಮುಖ ಕೆಳಗೆ, ಕೈ ಮೇಲೆ. ಕೈ ತುಂಬ ಒದ್ದೆ ಕುಂಕುಮ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಈ ಅಭಯಹಸ್ತ ಒತ್ತಿಸಿದ ರಾಜನಿಗೇ ಅಭಯ ಸಿಗಲಿಲ್ಲ ಅಂತ ಕೋಪದಲ್ಲಿ ಹೇಳಿದೆ. ನಮ್ಮನ್ನು ಬಿಟ್ಟುಬಿಡಿ ಅಂತ ವೈಕಿಂಗರಿಗೆ 991ರಲ್ಲಿ 10,000 ಪೌಂಡ್ ಕಪ್ಪ ಕೊಟ್ಟ. ಪೌಂಡಿಗೆ 240 ಪೆನ್ನಿ, ಅಂದರೆ ಇಂಥವು 24 ಲಕ್ಷ. ಅವರು ಬಿಡಲಿಲ್ಲ. ರುಚಿ ಹತ್ತಿದವರು ಮತ್ತೆ ಮತ್ತೆ ಬಂದರು. 1013ರ ಕೊನೆಗೆ ಊರು ಬಿಟ್ಟು ನಾರ್ಮಂಡಿಗೆ ಓಡಿಹೋದ.

ಅಮ್ಮ ಆರತಿ ತಟ್ಟೆ ಸರಿಸುತ್ತಾ, "ಅವನು ಕುಂಕುಮ ಇಟ್ಟಿರಲಿಲ್ಲ ಅನ್ಸುತ್ತೆ" ಅಂದಳು.

ಅಮ್ಮ ಊರಿಗೆ ಹೋಗಿ ಐದು ತಿಂಗಳಾಯಿತು. ನಾಣ್ಯದ ಆ ಕೈಯ ಬೆರಳ ಸಂದಿಯಲ್ಲಿ ಕುಂಕುಮ ಇನ್ನೂ ಕೆಂಪಗಿದೆ. ಟೂತ್‌ಪಿಕ್ ಮುಟ್ಟಿಸಲು ನನಗೆ ಧೈರ್ಯ ಬಂದಿಲ್ಲ.