ಎರಡು ಕಟ್ಟಡಗಳ ನಡುವಿನ ರಾಮೆನ್ ಅಂಗಡಿ

ನನ್ನ ಮೇಜಿನ ಮೇಲೆ ಕೆಂಪು ಬಣ್ಣದ ದರುಮಾ ಗೊಂಬೆ ಒಂದಿದೆ. ಜಪಾನಿನಲ್ಲಿ ಕೆಲಸ ಮಾಡುವ ಗೆಳೆಯ ತಂದುಕೊಟ್ಟದ್ದು. ಗುಂಡಗೆ, ಮುಖ ಸಿಂಡರಿಸಿಕೊಂಡು ಕೂತಿದೆ. ಕಣ್ಣು ಎರಡೂ ಖಾಲಿ. ಏನಾದರೂ ಆಸೆ ಇಟ್ಟುಕೊಂಡು ಒಂದು ಕಣ್ಣಿಗೆ ಕಪ್ಪು ಬಳಿಯಬೇಕಂತೆ, ಆಸೆ ಈಡೇರಿದ ದಿನ ಇನ್ನೊಂದಕ್ಕೆ. ಅಲ್ಲಿನ ರಾಜಕಾರಣಿಗಳು ಚುನಾವಣೆ ಗೆದ್ದ ರಾತ್ರಿ ಕ್ಯಾಮೆರಾ ಮುಂದೆ ನಿಂತು ಎರಡನೇ ಕಣ್ಣು ಬರೆಯುತ್ತಾರೆ. ಈ ಗೊಂಬೆಗಳ ತವರು ಗುನ್ಮಾ ಪ್ರಾಂತ್ಯದ ತಕಾಸಾಕಿ ಅಂತ ಗೆಳೆಯ ಹೇಳಿದ್ದೇ ತಡ, ನನಗೆ ಗೊಂಬೆ ಮರೆತುಹೋಗಿ ಚುನಾವಣೆ ನೆನಪಾಯಿತು. ಚಟ, ಏನು ಮಾಡೋದು.

ತಕಾಸಾಕಿ ಇದ್ದದ್ದು ಗುನ್ಮಾ 3ನೇ ಕ್ಷೇತ್ರದಲ್ಲಿ. 1947ರಲ್ಲಿ ಹುಟ್ಟಿ, 1993ರಲ್ಲಿ ಕೊನೆಯ ಚುನಾವಣೆ ಕಂಡು, ಆಮೇಲೆ ಇಲ್ಲವಾದ ಕ್ಷೇತ್ರ. ಸ್ಥಾನ ನಾಲ್ಕು. ಅಲ್ಲಿಂದ ಸಂಸತ್ತಿಗೆ ಹೋದವರಲ್ಲಿ ಒಬ್ಬರಲ್ಲ ಇಬ್ಬರಲ್ಲ, ನಾಲ್ಕು ಜನ ಪ್ರಧಾನಿಯಾದರು. ತಾಕೆಯೊ ಫುಕುಡಾ, ಯಾಸುಹಿರೊ ನಕಾಸೊನೆ, ಕೀಜೊ ಒಬುಚಿ, ಆಮೇಲೆ ಫುಕುಡಾ ಮಗ ಯಾಸುವೊ. ಮೊದಲ ಮೂವರಂತೂ ಒಂದೇ ಪಕ್ಷದಿಂದ, ಒಂದೇ ಚುನಾವಣೆಯಲ್ಲಿ, ಒಬ್ಬರ ಮೇಲೊಬ್ಬರು ನಿಂತು ಗೆಲ್ಲುತ್ತಿದ್ದವರು. ಜಪಾನೀಯರು ಇದಕ್ಕೆ ‘ಜೋಶು ಯುದ್ಧ’ ಅಂತ ಹೆಸರಿಟ್ಟರು. ಜೋಶು ಅಂದರೆ ಗುನ್ಮಾದ ಹಳೇ ಹೆಸರು. ನಮ್ಮಲ್ಲಾದರೆ ಇದಕ್ಕೆ ಇನ್ನೂ ಒಳ್ಳೇ ಪದ ಇದೆ: ದಾಯಾದಿ ಕಲಹ.

ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲೂ ಒಂದೇ ಕ್ಷೇತ್ರಕ್ಕೆ ಎರಡು ಮೂರು ಸ್ಥಾನ ಇರುತ್ತದೆ, ಅಲ್ವಾ? ಆದರೆ ನಮಗೆ ಎಷ್ಟು ಸ್ಥಾನವೋ ಅಷ್ಟು ಓಟು. ಆ ಕಾಲದ ಜಪಾನಿನಲ್ಲಿ ಹಾಗಲ್ಲ. ಸ್ಥಾನ ನಾಲ್ಕಿದ್ದರೂ ಓಟು ಒಂದೇ. ಚೀಟಿಯ ಮೇಲೆ ಮತದಾರ ತನ್ನ ಕೈಯಾರೆ ಒಬ್ಬರ ಹೆಸರು ಬರೆಯಬೇಕು. ಜಾಸ್ತಿ ಓಟು ಬಂದ ಮೊದಲ ನಾಲ್ವರು ಗೆದ್ದ ಹಾಗೆ. ಐದನೇ ಒಂದು ಪಾಲಿಗಿಂತ ಒಂದು ಓಟು ಹೆಚ್ಚು ಬಿದ್ದರೂ ಸಾಕು, ಸೋಲಿಸುವುದು ಯಾರಿಂದಲೂ ಸಾಧ್ಯವಿಲ್ಲ. 1925ರಲ್ಲಿ ಗಂಡಸರಿಗೆಲ್ಲ ಮತದ ಹಕ್ಕು ಕೊಟ್ಟಾಗ ಮೂರರಿಂದ ಐದು ಸ್ಥಾನಗಳ ಈ ಪದ್ಧತಿ ತಂದರು. ಯುದ್ಧ ಸೋತ ಮೇಲೆ 1946ರಲ್ಲಿ ಒಂದು ಸಲ ಬೇರೆ ತರಹ ಮಾಡಿ ನೋಡಿ, ಮರುವರ್ಷವೇ ಹಳೆಯದಕ್ಕೆ ಮರಳಿದರು.

ಮೇಲ್ನೋಟಕ್ಕೆ ಇದು ಸಣ್ಣ ಪಕ್ಷಗಳಿಗೂ ಜಾಗ ಕೊಡುವ ಒಳ್ಳೇ ಪದ್ಧತಿ. ಕೊಡುತ್ತಿತ್ತು ಕೂಡ. ತಮಾಷೆ ಇರುವುದು ದೊಡ್ಡ ಪಕ್ಷದ ಮನೆಯೊಳಗೆ. 1976ರ ಚುನಾವಣೆಯ ಹೊತ್ತಿಗೆ ಒಟ್ಟು ಸ್ಥಾನ 511, ಕ್ಷೇತ್ರ 130. ಬಹುಮತ ಬೇಕು ಅಂದರೆ ಆ ದೊಡ್ಡ ಪಕ್ಷ, ಅಂದರೆ ಈ ಮೂವರ ಲಿಬರಲ್ ಡೆಮಾಕ್ರಟಿಕ್ ಪಕ್ಷ, ಪ್ರತಿ ಕ್ಷೇತ್ರದಲ್ಲೂ ಇಬ್ಬರು ಮೂವರನ್ನು ನಿಲ್ಲಿಸಲೇಬೇಕು. ಒಂದೇ ಊರಿನಲ್ಲಿ ಒಂದೇ ಪಕ್ಷದ ಮೂವರು ನಿಂತರೆ ‘ನನ್ನ ಪಕ್ಷ ನೋಡಿ ಓಟು ಕೊಡಿ’ ಅಂತ ಯಾರು ಕೇಳಬೇಕು? ಪಕ್ಷ ಮೂವರದ್ದೂ. ಪ್ರಣಾಳಿಕೆ ಮೂವರದ್ದೂ. ಉಳಿಯುವುದು ಮುಖ, ಮನೆತನ, ಉಪಕಾರ. ಯಾರ ಮದುವೆಗೆ ಯಾರು ಬಂದರು, ಯಾರ ಸಾವಿಗೆ ಯಾರು ಹೂವು ಕಳಿಸಿದರು, ಯಾರ ರಸ್ತೆಗೆ ಯಾರು ಡಾಂಬರು ಹಾಕಿಸಿದರು.

ಅದಕ್ಕೇ ಅಲ್ಲಿ ‘ಕೋಯೆಂಕಾಯ್’ ಬೆಳೆದದ್ದು. ಅಂದರೆ ಪಕ್ಷದ ಶಾಖೆ ಅಲ್ಲ, ಒಬ್ಬ ನಾಯಕನ ಸ್ವಂತ ಬೆಂಬಲಿಗರ ಸಂಘ. ನಕಾಸೊನೆಯವರದ್ದಕ್ಕೆ ‘ಸೇಯುನ್‌ಜುಕು’ ಅಂತ ಹೆಸರಿತ್ತು. ಇಂಥ ಸಂಘ ಸಾಕಲು ದುಡ್ಡು ಬೇಕು. ದುಡ್ಡು ಬರುವುದು ಟೋಕಿಯೋದಲ್ಲಿ ಕೂತ, ಪಕ್ಷದೊಳಗಿನ ಬಣದ ನಾಯಕನಿಂದ. ಒಂದೇ ಬಣದ ಇಬ್ಬರು ಒಂದೇ ಕ್ಷೇತ್ರದಲ್ಲಿ ಗುದ್ದಾಡುವುದು ಬಣಕ್ಕೇ ನಷ್ಟ, ಹಾಗಾಗಿ ಮೂವರೂ ಮೂರು ಬಣ. ಗುನ್ಮಾದಲ್ಲಿ ಫುಕುಡಾ ಒಂದು ಬಣದ ಯಜಮಾನ, ನಕಾಸೊನೆ ಇನ್ನೊಂದರ ಯಜಮಾನ. ಒಬುಚಿ ಮೂರನೆಯದರಲ್ಲಿ, ಮೊದಲು ಸಾಟೊ, ಆಮೇಲೆ ತನಾಕಾ, ಆಮೇಲೆ ತಾಕೆಶಿಟಾ ಬಣದ ಶಿಸ್ತಿನ ಆಳು.

ಮೂವರ ಸ್ವಭಾವವೂ ಬೇರೆ ಬೇರೆ. ಫುಕುಡಾ ಹುಟ್ಟಿದ್ದು 1905ರಲ್ಲಿ, ಹಣಕಾಸು ಇಲಾಖೆಯಲ್ಲಿ ಬಜೆಟ್ ವಿಭಾಗದ ಮುಖ್ಯಸ್ಥರಾಗಿದ್ದವರು. 1948ರಲ್ಲಿ ಒಂದು ಲಂಚದ ಹಗರಣದಲ್ಲಿ ಅರೆಸ್ಟ್ ಆದರು, ನಂತರ ಖುಲಾಸೆಯಾದರು. 1952ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. 1977ರಲ್ಲಿ ಮುಂಬೈನಿಂದ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನವನ್ನು ಜಪಾನಿನ ತೀವ್ರ ಎಡಪಂಥೀಯ ಗುಂಪು ರೆಡ್ ಆರ್ಮಿಯವರು ಢಾಕಾಕ್ಕೆ ಅಪಹರಿಸಿದಾಗ, ಅರವತ್ತು ಲಕ್ಷ ಡಾಲರ್ ಕೊಟ್ಟು ಪ್ರಯಾಣಿಕರನ್ನು ಬಿಡಿಸಿದ ಪ್ರಧಾನಿ ಇವರೇ. ನಕಾಸೊನೆ ತಕಾಸಾಕಿಯ ಮರದ ವ್ಯಾಪಾರಿಯ ಮಗ, ನೌಕಾಪಡೆಯಲ್ಲಿದ್ದವರು. 1947ರಲ್ಲಿ, ಕ್ಷೇತ್ರದ ಮೊದಲ ಚುನಾವಣೆಯಲ್ಲೇ, 28ನೇ ವಯಸ್ಸಿಗೆ ಗೆದ್ದರು. ಎತ್ತರದ ಆಳು, ಮಾತುಗಾರ. ಗಾಳಿ ಬಂದ ಕಡೆ ತಿರುಗುವವರು ಅಂತ ‘ಗಾಳಿಕೋಳಿ’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು.

ಒಬುಚಿ? ಬೆಟ್ಟದ ಕಡೆಯ ನಾಕಾನೊಜೊ ಊರಿನವರು. ಅಪ್ಪ ಸಂಸದರಾಗಿದ್ದಾಗಲೇ 1958ರಲ್ಲಿ ತೀರಿಕೊಂಡರು. ಮಗ 1963ರಲ್ಲಿ, ಇನ್ನೂ ವಸೇಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ, 26ನೇ ವಯಸ್ಸಿಗೆ ಗೆದ್ದರು. ಗೆದ್ದರು ನಿಜ, ಆದರೆ ಆಮೇಲೂ ಪ್ರತಿ ಸಲ ಆ ಇಬ್ಬರು ದೈತ್ಯರ ನಡುವೆ ಸಿಕ್ಕಿಕೊಂಡು, ಕೆಳಗಿನ ಸ್ಥಾನದಲ್ಲಿ ಹೇಗೋ ದಡ ಸೇರುವುದು. ತಮ್ಮನ್ನು ತಾವೇ ‘ಎತ್ತರದ ಕಟ್ಟಡಗಳ ಸಂದಿಯಲ್ಲಿರುವ ರಾಮೆನ್ ಅಂಗಡಿ’ ಅಂತ ಕರೆದುಕೊಂಡರು. ಈ ಒಂದು ಮಾತಿಗಾಗಿ ನನಗೆ ಆ ಮನುಷ್ಯನ ಮೇಲೆ ಪ್ರೀತಿ. ಬಿಸಿ ಸಾರು, ನೂಡಲ್ಸ್, ನಾಲ್ಕು ಸ್ಟೂಲು. ಕಟ್ಟಡದವರಿಗೂ ಒಮ್ಮೊಮ್ಮೆ ಹಸಿವಾಗುತ್ತದಲ್ಲ.

ಊಟದ ಮಾತು ಸುಮ್ನೆ ಬಂದದ್ದಲ್ಲ. ಚುನಾವಣೆ ಹೊತ್ತಿಗೆ ಯಾರ ಕಚೇರಿಯಲ್ಲಿ ಎಂಥ ಊಟ ಅನ್ನುವುದರ ಮೇಲೆ ಅಲ್ಲಿ ಒಂದು ಗಾದೆಯೇ ಹುಟ್ಟಿತ್ತು. ‘ಫುಕುಡಾ ರ್ಯೋತೇಯ್, ನಕಾಸೊನೆ ರೆಸ್ಟೋರೆಂಟ್, ಒಬುಚಿ ಹಂಬಾ.’ ರ್ಯೋತೇಯ್ ಅಂದರೆ ದೊಡ್ಡ ಮನುಷ್ಯರು ಚಾಪೆ ಮೇಲೆ ಕೂತು ಉಣ್ಣುವ ದುಬಾರಿ ಭೋಜನಶಾಲೆ. ಹಂಬಾ ಅಂದರೆ ಕಟ್ಟಡ ಕೆಲಸದ ಕೂಲಿಯವರು ಉಂಡು ಮಲಗುವ ಶೆಡ್ಡು. ಮತದಾರ ಮೂರೂ ಕಡೆ ಉಂಡು ಬರಲಿಕ್ಕೆ ಅಡ್ಡಿ ಏನಿತ್ತು? ಓಟು ಒಂದೇ ಇರಬಹುದು, ಹೊಟ್ಟೆಗೆ ಆ ನಿಯಮ ಇಲ್ಲ.

ನಾಲ್ಕನೇ ಸ್ಥಾನ ಸೋಷಲಿಸ್ಟ್ ಪಕ್ಷದ ತ್ಸುರುವೊ ಯಾಮಾಗುಚಿಯವರದ್ದು. ಇವರೂ ಸಣ್ಣವರಲ್ಲ, ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು, ಮುಂದೆ ಮಂತ್ರಿಯೂ ಆದರು. ಎಪ್ಪತ್ತು ಎಂಬತ್ತರ ದಶಕದಲ್ಲಿ ಚುನಾವಣೆ ಮೇಲೆ ಚುನಾವಣೆ ಇವೇ ನಾಲ್ಕು ಹೆಸರು. ಯಾರು ಗೆಲ್ಲುತ್ತಾರೆ ಅನ್ನುವ ಪ್ರಶ್ನೆಯೇ ಇಲ್ಲ. ಆದರೂ ಇಡೀ ದೇಶ ಗುನ್ಮಾ 3ನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಯಾಕೆಂದರೆ ನೋಡುವುದು ಗೆಲುವನ್ನಲ್ಲ, ಮೊದಲ ಸ್ಥಾನವನ್ನು.

ಹಗೆ ನಿಜಕ್ಕೂ ಕಾದದ್ದು 1972ರ ಜುಲೈನಲ್ಲಿ. ಪಕ್ಷದ ಅಧ್ಯಕ್ಷ ಸ್ಥಾನಕ್ಕೆ, ಅಂದರೆ ಪ್ರಧಾನಿ ಪಟ್ಟಕ್ಕೆ, ಫುಕುಡಾ ಎದುರು ಕಾಕುಯಿ ತನಾಕಾ. ತನಾಕಾ ಬೆಟ್ಟದಾಚೆಯ ನೀಗಾಟಾದವರು, ಅಲ್ಲಿನ 3ನೇ ಕ್ಷೇತ್ರದ ದೊರೆ. ನಮ್ಮೂರಿನ ನಕಾಸೊನೆ ನಮ್ಮೂರಿನ ಫುಕುಡಾಗೇ ಕೈಕೊಡುತ್ತಾರಾ ಅಂತ ಗುನ್ಮಾದವರು ಅಂದುಕೊಂಡಿದ್ದರು. ಕೊಟ್ಟರು. ನಕಾಸೊನೆ ಬೆಂಬಲ ತನಾಕಾ ಕಡೆ ಹೋಯಿತು. ಮೊದಲ ಸುತ್ತಿನಲ್ಲಿ ತನಾಕಾ 156, ಫುಕುಡಾ 150. ಕೇವಲ ಆರು ಓಟಿನ ಅಂತರ! ಎರಡನೇ ಸುತ್ತಿನಲ್ಲಿ 282ಕ್ಕೆ 190. ಫುಕುಡಾ ಪ್ರಧಾನಿಯಾಗಲು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ತವರಿನಲ್ಲಿ ನಕಾಸೊನೆ ಮೇಲಿನ ಸಿಟ್ಟು ಬೇಗ ಆರಲಿಲ್ಲ.

ಹತ್ತು ವರ್ಷದ ನಂತರ, 1982ರಲ್ಲಿ, ಅದೇ ತನಾಕಾ ಬಣದ ಹೆಗಲೇರಿ ನಕಾಸೊನೆ ಪ್ರಧಾನಿಯಾದರು. 1983ರ ಡಿಸೆಂಬರಿನಲ್ಲಿ ಚುನಾವಣೆ ಬಂತು. ದೇಶದ ಪ್ರಧಾನಿ ತನ್ನದೇ ಕ್ಷೇತ್ರದಲ್ಲಿ ನಿಂತಿದ್ದಾರೆ. ಮೊದಲು ಬಂದವರು ಯಾರು? ಎಪ್ಪತ್ತೆಂಟರ ಮುದುಕ, ಮಾಜಿ ಪ್ರಧಾನಿ ಫುಕುಡಾ. ಹಾಲಿ ಪ್ರಧಾನಿಗೆ ಎರಡನೇ ಸ್ಥಾನ. ಆಚೆ ನೀಗಾಟಾದಲ್ಲಿ, ಎರಡು ತಿಂಗಳ ಹಿಂದಷ್ಟೇ ಲಾಕ್‌ಹೀಡ್ ಲಂಚ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ತನಾಕಾಗೆ 2,20,761 ಓಟು ಬಿದ್ದಿತ್ತು. ಅಪರಾಧಿಗೆ ಊರಿಡೀ ಓಟು, ಪ್ರಧಾನಿಗೆ ತವರಿನಲ್ಲಿ ಸೆಕೆಂಡ್ ಪ್ಲೇಸ್. ಯಾರು ಎಷ್ಟು ದೊಡ್ಡವರಾದರೂ ತಕಾಸಾಕಿ ಬೀದಿಯಲ್ಲಿ ನಿಂತು ಲೆಕ್ಕ ಒಪ್ಪಿಸಬೇಕಿತ್ತು, ಅದೂ ಸ್ವಂತ ಪಕ್ಷದವರ ಎದುರು. ನನಗೆ ಆ ಹಳೇ ಪದ್ಧತಿಯಲ್ಲಿ ಇಷ್ಟವಾಗುವ ಭಾಗ ಇದೊಂದೇ.

ಮಿಕ್ಕಿದ್ದು ಇಷ್ಟವಾಗುವಂಥದ್ದಲ್ಲ. ಮೂವರು ಪೈಪೋಟಿಗೆ ಬಿದ್ದರೆ ಸರ್ಕಾರದ ದುಡ್ಡು ನೀರಿನಂತೆ ಹರಿಯುತ್ತದೆ. ಕೊನ್ಯಾಕು ಅಂತ ಒಂದು ಗೆಡ್ಡೆ ಇದೆ, ನಮ್ಮ ಸುವರ್ಣಗೆಡ್ಡೆಯ ಹತ್ತಿರದ ನೆಂಟ. ಜಪಾನಿನ ಕೊನ್ಯಾಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬೆಳೆಯುವುದು ಗುನ್ಮಾದಲ್ಲೇ. ಹೊರಗಿನಿಂದ ಬರುವ ಕೊನ್ಯಾಕಿಗೆ ಹಾಕಿದ್ದ ಸುಂಕ ಲೆಕ್ಕ ಹಾಕಿದರೆ 1,700 ಪರ್ಸೆಂಟ್ ದಾಟುತ್ತಿತ್ತು. ಅಕ್ಕಿಯ ಸುಂಕವೇ ಅದರ ಮುಂದೆ ಸಣ್ಣದಾಗಿತ್ತು. ಇಷ್ಟು ಜನ ಪ್ರಧಾನಿಗಳನ್ನು ಕೊಟ್ಟ ಊರಿನ ಗೆಡ್ಡೆಗೆ ಇಷ್ಟಾದರೂ ಮರ್ಯಾದೆ ಬೇಡವೇ ಅಂತ ಜನ ನಗುತ್ತಾರೆ.

1988ರಲ್ಲಿ ರಿಕ್ರೂಟ್ ಹಗರಣ, 1992ರಲ್ಲಿ ಸಗಾವಾ ಹಗರಣ, ಎರಡೂ ಕಂಪನಿಗಳಿಂದ ರಾಜಕಾರಣಿಗಳಿಗೆ ಲಾಭ ಹರಿದ ಕಥೆ. ಎಲ್ಲರೂ ಬೊಟ್ಟು ಮಾಡಿದ್ದು ಕ್ಷೇತ್ರ ಪದ್ಧತಿಯ ಕಡೆಗೇ. ಒಂದೇ ಪಕ್ಷದವರು ಹೊಡೆದಾಡುವುದರಿಂದಲೇ ಇಷ್ಟು ದುಡ್ಡು ಬೇಕು, ಬಣ ಬೇಕು, ಮನೆತನ ಬೇಕು. ಒಂದು ಕ್ಷೇತ್ರಕ್ಕೆ ಒಬ್ಬನೇ ಸಂಸದ ಅಂತ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ. 1994ರಲ್ಲಿ ಹೊಸೊಕಾವಾ ಸರ್ಕಾರ ಕಾನೂನು ಮಾಡಿತು. 300 ಏಕಸದಸ್ಯ ಕ್ಷೇತ್ರ, 200 ಸ್ಥಾನ ಪಕ್ಷಗಳ ಪಟ್ಟಿಯಿಂದ, ಅಂದರೆ ಪಕ್ಷಕ್ಕೆ ಬಿದ್ದ ಓಟಿನ ಪ್ರಮಾಣಕ್ಕೆ ತಕ್ಕಂತೆ. 1996ರ ಅಕ್ಟೋಬರಿನಲ್ಲಿ ಮೊದಲ ಚುನಾವಣೆ.

ಹಾಗಾದರೆ ಗುನ್ಮಾ 3ರಲ್ಲಿ ಏನಾಯಿತು? ಅಣ್ಣತಮ್ಮಂದಿರ ಜಗಳ ಊರ ಪಂಚರ ಮುಂದೆ ಬಂದಾಗ ಏನಾಗುತ್ತದೋ ಅದೇ ಆಯಿತು. ಪಾಲು. ತಕಾಸಾಕಿ ಕಡೆಯ ಹೊಸ 4ನೇ ಕ್ಷೇತ್ರ ಫುಕುಡಾ ಮಗನಿಗೆ. ಬೆಟ್ಟದ ಕಡೆಯ 5ನೇ ಕ್ಷೇತ್ರ ಒಬುಚಿಗೆ. ನಕಾಸೊನೆಗೆ ಪಕ್ಷದ ಪಟ್ಟಿಯಲ್ಲಿ ಬದುಕಿರುವವರೆಗೂ ಮೊದಲ ಸ್ಥಾನ ಎಂಬ ಮಾತು. ಜಗಳ ನಿಂತಿತು. ಜಗಳದ ಜೊತೆ ಸ್ಪರ್ಧೆಯೂ ಹೋಯಿತು. 4ನೇ ಕ್ಷೇತ್ರದಲ್ಲಿ 2012ರಿಂದ ಫುಕುಡಾ ಮೊಮ್ಮಗ. 1ನೇ ಕ್ಷೇತ್ರದಲ್ಲಿ 2021ರಲ್ಲಿ ಗೆದ್ದದ್ದು ನಕಾಸೊನೆ ಮೊಮ್ಮಗ. ಮನೆತನದ ರಾಜಕೀಯ ಹೋಗಲಿ ಅಂತ ತಂದ ಸುಧಾರಣೆ ಮನೆತನಗಳಿಗೆ ಬೇಲಿ ಹಾಕಿದ ಜಮೀನು ಕೊಟ್ಟಿತು. ಮೊದಲು ಒಂದೇ ಹೊಲದಲ್ಲಿ ಮೂವರೂ ಉಳಬೇಕಿತ್ತು, ಬದುವಿಗೆ ಕಾವಲು ಕಾಯಬೇಕಿತ್ತು.

ಇಡೀ ಜಪಾನಿನ ಕಥೆ ಇದೇ ಅಂತ ನಾನು ಹೇಳುವುದಿಲ್ಲ. 2009ರಲ್ಲಿ ಸರ್ಕಾರವೇ ಬದಲಾಯಿತು, ಅದು ಹಳೇ ಪದ್ಧತಿಯಲ್ಲಿ ಅಷ್ಟು ಸುಲಭವಿರಲಿಲ್ಲ. ಆದರೆ ಮನೆತನ ಬೇರೂರಿದ ಕಡೆ ಹೊಸ ಪದ್ಧತಿ ಬೇರಿಗೆ ಗೊಬ್ಬರ ಹಾಕಿದೆ. ಕೋಯೆಂಕಾಯ್ ಕೂಡ ಎಲ್ಲೂ ಹೋಗಿಲ್ಲ. 2014ರಲ್ಲಿ ಒಬುಚಿ ಮಗಳು ಯೂಕೊ ಮಂತ್ರಿ ಪದವಿ ಬಿಡಬೇಕಾಯಿತು. ಬೆಂಬಲಿಗರ ಸಂಘದವರನ್ನು ಟೋಕಿಯೋಗೆ ನಾಟಕ ನೋಡಲು ಕರೆದುಕೊಂಡು ಹೋದ ಲೆಕ್ಕ ತಾಳೆಯಾಗಲಿಲ್ಲ. ಅಕ್ಟೋಬರಿನಲ್ಲಿ ರಾಜೀನಾಮೆ, ಡಿಸೆಂಬರಿನ ಚುನಾವಣೆಯಲ್ಲಿ ಆರಾಮಾಗಿ ಗೆಲುವು. ಹಳೇ ಕ್ಷೇತ್ರವಾಗಿದ್ದರೆ ಆ ಎರಡು ತಿಂಗಳು ಪಕ್ಕದ ಕಟ್ಟಡದವರು ಸುಮ್ಮನೆ ಕೂರುತ್ತಿದ್ದರಾ?

ನಕಾಸೊನೆಯವರ ಕಥೆಗೆ ಇನ್ನೊಂದು ತಿರುವು ಇದೆ. 2003ರಲ್ಲಿ ಪ್ರಧಾನಿ ಕೊಯಿಜುಮಿ, ಪಟ್ಟಿಯಲ್ಲಿ 73 ದಾಟಿದವರಿಗೆ ಜಾಗ ಇಲ್ಲ ಅಂದರು. ನಕಾಸೊನೆಗೆ ಆಗ 85. ಬದುಕಿರುವವರೆಗೆ ಅಂದಿದ್ದಿರಲ್ಲ ಅಂತ ಕೆರಳಿದರು, ಇದು ರಾಜಕೀಯ ಭಯೋತ್ಪಾದನೆ ಅಂದರು. ನಡೆಯಲಿಲ್ಲ. 1947ರಿಂದ ಒಂದೂ ಸೋಲಿಲ್ಲದೆ 20 ಸಲ ಗೆದ್ದವರು ಮನೆಗೆ ಹೋದರು. ಈ ಕೊಯಿಜುಮಿ ಯಾರು ಗೊತ್ತಾ? ಯುವಕನಾಗಿದ್ದಾಗ ಮೊದಲ ಚುನಾವಣೆ ಸೋತು, ತಾಕೆಯೊ ಫುಕುಡಾ ಮನೆಯಲ್ಲಿ ಕಾರ್ಯದರ್ಶಿಯಾಗಿ ರಾಜಕೀಯ ಕಲಿತವರು. 2003ರಲ್ಲಿ ಅವರ ಸಂಪುಟದ ಮುಖ್ಯ ಕಾರ್ಯದರ್ಶಿ ಯಾರು? ಯಾಸುವೊ ಫುಕುಡಾ. ಸೇಡು ಅಂತ ನಾನು ಹೇಳುತ್ತಿಲ್ಲ, ವಯಸ್ಸಿನ ನಿಯಮ ನಿಯಮವೇ. ಆದರೆ ಜೋಶುವಿನ ಮುದುಕರು ಅವತ್ತು ಚಹಾ ಕುಡಿಯುತ್ತಾ ಏನು ಮಾತಾಡಿಕೊಂಡಿರಬಹುದು ಅಂತ ಊಹಿಸಿಕೊಂಡರೆ ನನಗೆ ನಗು ಬರುತ್ತದೆ.

ಒಬುಚಿ ಪ್ರಧಾನಿಯಾದದ್ದು 1998ರಲ್ಲಿ, ಅಂದರೆ ಕ್ಷೇತ್ರ ಹೋದ ಮೇಲೆ. ತಣ್ಣಗಾದ ಪಿಜ್ಜಾ ಅಂತ ವಿದೇಶಿ ಪತ್ರಿಕೆಗಳು ಗೇಲಿ ಮಾಡಿದವು. ಮನುಷ್ಯ ಬೇಜಾರು ಮಾಡಿಕೊಳ್ಳದೆ ಪತ್ರಕರ್ತರಿಗೇ ಬಿಸಿ ಪಿಜ್ಜಾ ಹಂಚಿದರು. ಅಂಗಡಿ ನಡೆಸಿ ಗೊತ್ತಿದ್ದವರು. 2000ದ ಏಪ್ರಿಲ್‌ನಲ್ಲಿ ಪಾರ್ಶ್ವವಾಯು ಬಡಿಯಿತು, ಮೇ ತಿಂಗಳಲ್ಲಿ ತೀರಿಕೊಂಡರು.

ಮುಂದಿನ ಚುನಾವಣೆ ಜೂನ್ 25ಕ್ಕೆ ಬಂತು. ಅವತ್ತು ಒಬುಚಿಯವರ ಹುಟ್ಟುಹಬ್ಬ. 5ನೇ ಕ್ಷೇತ್ರದಲ್ಲಿ ನಿಂತದ್ದು ಮಗಳು ಯೂಕೊ, ವಯಸ್ಸು 26. ಅಪ್ಪ ಮೊದಲ ಸಲ ನಿಂತಾಗಲೂ ಅಷ್ಟೇ ವಯಸ್ಸು. ಅಪ್ಪನಿಗೆ ಆಗ ಎಡಕ್ಕೊಂದು ಕಟ್ಟಡ, ಬಲಕ್ಕೊಂದು ಕಟ್ಟಡ ಇತ್ತು. ಮಗಳ ಅಂಗಡಿಯ ಅಕ್ಕಪಕ್ಕ ಖಾಲಿ ನಿವೇಶನ.