ಭಾವನವರ ರಿಫ್ರೆಶ್ ಚಿಕಿತ್ಸೆ

ಗುಂಡು ಹಾರಿಸಿದ್ದು ನಾನು, ಸತ್ತಿದ್ದೂ ನಾನೇ. ಮೌಸ್ ಒತ್ತಿದ ಮೇಲೆ ಪರದೆಯಲ್ಲಿ ನನ್ನ ಬಂದೂಕು ಸಿಡಿಯುವಷ್ಟರಲ್ಲಿ ಎದುರಾಳಿ ಬಂದು, ನನ್ನನ್ನು ಮುಗಿಸಿ, ಆ ಬಂದೂಕನ್ನೇ ಎತ್ತಿಕೊಂಡು ಹೋಗಿ ಆಗಿರುತ್ತದೆ. ವಾರವಿಡೀ ಕಾದ ಶನಿವಾರ ರಾತ್ರಿಯ ಶೌರ್ಯ ಇಷ್ಟೇ. ಹೆಡ್‌ಸೆಟ್ಟಿನಲ್ಲಿ ಗೆಳೆಯರು ಬೈಯುವುದು ಮಾತ್ರ ಒಂದು ಚೂರೂ ತಡವಿಲ್ಲದೆ ಸ್ಪಷ್ಟವಾಗಿ ಕೇಳಿಸುತ್ತದೆ.

ನನ್ನ ಲ್ಯಾಪ್‌ಟಾಪು ಕೊರೊನಾ ಕಾಲದ್ದು. ಮನೆಯೇ ಆಫೀಸು ಎಂದಾಗ, ಸಿಕ್ಕಿದ್ದೇ ಭಾಗ್ಯ ಅಂತ ತಂದದ್ದು. 8 ಜಿಬಿ ರ್‍ಯಾಮ್ (ಓಡುತ್ತಿರುವ ಕೆಲಸಗಳನ್ನು ಇಟ್ಟುಕೊಳ್ಳುವ ಜಾಗ), ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಕ್ಸೆಲ್ ತೆರೆ ಅಂದರೆ ತೆರೆಯುತ್ತದೆ, ಮೀಟಿಂಗಿಗೆ ಕೂರು ಅಂದರೆ ಕೂರುತ್ತದೆ. ಆಟ ಅಂದ ತಕ್ಷಣ ಫ್ಯಾನು ಕಿರುಚಲು ಶುರು. "ಇಷ್ಟೊತ್ತಲ್ಲಿ ಮಿಕ್ಸಿ ಹಾಕಿದ್ದು ಯಾರೋ?" ಅಂತ ಒಳಗಿನಿಂದ ಅಮ್ಮ. ಆಟ ನುಣುಪಾಗಿ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ (ಫ್ರೇಮ್) ಬೇಕು. ಅಂದರೆ ಒಂದೊಂದು ಚಿತ್ರ ಬಿಡಿಸಲು ಸುಮಾರು 16.7 ಮಿಲಿಸೆಕೆಂಡು. ನನ್ನದು ಸೆಕೆಂಡಿಗೆ 20 ಚಿತ್ರ ದಾಟಿದರೆ ಅದೇ ಹಬ್ಬ. ಆಟದ್ದೇನೂ ತಪ್ಪಿಲ್ಲ ಬಿಡಿ. ಕೇಳುವುದು ಅದರ ಹಕ್ಕು, ಕೊಡುವ ಯೋಗ್ಯತೆ ಇದಕ್ಕಿಲ್ಲ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ವಿಷಯ ನಮ್ಮ ಭಾವನವರ ಕಿವಿಗೆ ಬಿತ್ತು.

ಅಕ್ಕನ ಗಂಡ, ಹನುಮಂತನಗರದವರು. ಕಂಪ್ಯೂಟರ್ ಇರುವ ಯಾರ ಮನೆಗೆ ಹೋದರೂ ಕಾಫಿ ಬರುವುದರೊಳಗೆ ಅದರ ನಾಡಿ ಹಿಡಿದುಬಿಡುತ್ತಾರೆ. ಕಾಯಿಲೆ ಯಾವುದೇ ಇರಲಿ, ಔಷಧ ಒಂದೇ: ರಿಫ್ರೆಶ್. ಮೊದಲು ವಾಚು ಬಿಚ್ಚಿ ಪಕ್ಕಕ್ಕಿಡುತ್ತಾರೆ. ಕುರ್ಚಿ ಎಳೆದುಕೊಳ್ಳುತ್ತಾರೆ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗೈ ರೈಟ್ ಕ್ಲಿಕ್ಕು, ಎಡಗೈ ತೋರುಬೆರಳು 'ಇ' ಅಕ್ಷರದ ಮೇಲೆ. ಕ್ಲಿಕ್-ಇ, ಕ್ಲಿಕ್-ಇ, ಕ್ಲಿಕ್-ಇ. ಮೊದಲು ವಿಳಂಬದಲ್ಲಿ ಶುರುವಾದದ್ದು ಬರುಬರುತ್ತಾ ದ್ರುತಕ್ಕೆ ಹೋಗುತ್ತದೆ. ಪ್ರತಿ ಸಲವೂ ಐಕಾನುಗಳು ಒಮ್ಮೆ ಕಣ್ಣು ಮಿಟುಕಿಸುತ್ತವೆ. ಭಾವ ತಲೆಯಾಡಿಸಿ, "ಹ್ಞಾಂ, ಬರ್ತಿದೆ, ಬರ್ತಿದೆ" ಅನ್ನುತ್ತಾರೆ. ಏನು ಬರುತ್ತಿದೆ ಅಂತ ಈವರೆಗೆ ಯಾರಿಗೂ ಹೇಳಿಲ್ಲ.

ರಿಫ್ರೆಶ್ ಮಾಡುವುದು ಬಹಳ ಸಣ್ಣ ಕೆಲಸ. ಆ ಫೋಲ್ಡರಿನಲ್ಲಿ ಏನೇನಿದೆ ಅಂತ ಇನ್ನೊಮ್ಮೆ ನೋಡಿ, ಐಕಾನುಗಳನ್ನು ಹೊಸದಾಗಿ ಬಿಡಿಸುವುದು, ಅಷ್ಟೇ. ಅದರಿಂದ ರ್‍ಯಾಮ್ ಖಾಲಿಯಾಗುವುದಿಲ್ಲ, ಪ್ರೊಸೆಸರಿಗೆ ಶಕ್ತಿ ಬರುವುದಿಲ್ಲ. ಇದನ್ನು ಆದಷ್ಟು ವಿನಯದಿಂದ ಹೇಳಿದೆ.

"ಲೋ, ವಿಂಡೋಸ್ 98 ಕಾಲದಿಂದ ಮಾಡ್ಕೊಂಡು ಬಂದಿದೀನಿ ಕಣೋ. ಒಂದು ಸಲಾನೂ ಫೇಲ್ ಆಗಿಲ್ಲ."

ಫೇಲ್ ಆಗಬೇಕಾದರೆ ಮೊದಲು ಏನಾದರೂ ಮಾಡಬೇಕಲ್ಲ? ಅಕ್ಕನ ಮುಖ ನೋಡಿ ಮಾತು ನುಂಗಿಕೊಂಡೆ.

ಒಂದು ಭಾನುವಾರ ಊಟಕ್ಕೆ ಬಂದಾಗ ರಿಫ್ರೆಶ್ಶಿಗೆ ರೋಗ ಜಗ್ಗಲಿಲ್ಲ. ಭಾವ ಶಸ್ತ್ರಚಿಕಿತ್ಸೆಗೆ ಇಳಿದರು. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್ ಪುಟಕ್ಕೆ ಹೋಗಿ, ಹಾಜರಿ ಕರೆಯುವ ಮೇಷ್ಟ್ರ ಗತ್ತಿನಲ್ಲಿ ಒಂದೊಂದೇ ಹೆಸರು ಓದತೊಡಗಿದರು. "ಇದು ಯಾರು? ಇದಕ್ಕೇನು ಕೆಲಸ ಇಲ್ಲಿ?" ಎಕ್ಸ್‌ಪ್ಲೋರರ್ ಅನ್ನುವ ಹೆಸರಿಗೆ ಬಂದಾಗ ಕಣ್ಣರಳಿತು.

"ನೋಡಿದ್ಯಾ! ಇಂಟರ್ನೆಟ್ ಎಕ್ಸ್‌ಪ್ಲೋರರ್! 2022ರಲ್ಲೇ ಇದರ ತಿಥಿ ಆಗೋಯ್ತು. ಇನ್ನೂ ಇಲ್ಲೇ ಕೂತು ನಿನ್ನ ರ್‍ಯಾಮ್ ತಿಂತಿದೆ."

"ಭಾವ, ಅದು ಬೇರೆ, ಅದು ವಿಂಡೋಸ್‌ದು..." ಅನ್ನುವಷ್ಟರಲ್ಲಿ ಎಂಡ್ ಟಾಸ್ಕ್ ಬಿದ್ದಾಗಿತ್ತು. ಡೆಸ್ಕ್‌ಟಾಪನ್ನು ತೋರಿಸುವುದೇ ಆ ಎಕ್ಸ್‌ಪ್ಲೋರರ್. ಕೆಳಗಿನ ಪಟ್ಟಿ ಹೋಯಿತು, ಸ್ಟಾರ್ಟ್ ಬಟನ್ ಹೋಯಿತು, ಐಕಾನುಗಳು ಹೋದವು, ವಾಲ್‌ಪೇಪರಿನಲ್ಲಿದ್ದ ಕುಪ್ಪಳಿಯ ಕವಿಶೈಲವೂ ಹೋಯಿತು. ಗಾಬರಿಯಲ್ಲಿ ಟಾಸ್ಕ್ ಮ್ಯಾನೇಜರನ್ನೂ ಮುಚ್ಚಿಬಿಟ್ಟರು. ಬರೀ ಕಪ್ಪು ಪರದೆ, ನಡುವೆ ಒಂಟಿ ಬಾಣದ ಗುರುತು. ಆಗ ನಮ್ಮ ಭಾವನವರು ಏನು ಮಾಡಿದರು? ರೈಟ್ ಕ್ಲಿಕ್ ಮಾಡಿದರು. ಏನೂ ಇಲ್ಲ. 'ಇ' ಒತ್ತಿದರು. ಏನೂ ಇಲ್ಲ. ಕ್ಲಿಕ್-ಇ, ಕ್ಲಿಕ್-ಇ. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ರಿಫ್ರೆಶ್ ಮಾಡಲು ಜಾಗವೇ ಸಿಗಲಿಲ್ಲ. ಆ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಹೊಸ ಟಾಸ್ಕಿನಲ್ಲಿ ಎಕ್ಸ್‌ಪ್ಲೋರರ್ ಅಂತ ಬರೆದು, ಹೋದದ್ದನ್ನೆಲ್ಲ ವಾಪಸ್ ಕರೆದೆ. ಭಾವ ವಾಚು ಕಟ್ಟಿಕೊಳ್ಳುತ್ತಾ, "ನೋಡು, ಈಗ ಫ್ರೆಶ್ಶಾಗಿ ಬಂತು" ಅಂದರು.

ಮದ್ದು ಹೇಳುವವರು ಅವರೊಬ್ಬರೇ ಅಲ್ಲ. ಆಫೀಸಿನ ಹುಡುಗನೊಬ್ಬ ಯಾವುದೋ ಗೇಮ್ ಬೂಸ್ಟರ್ ಹಾಕಿಸಿದ. ಅದು ಮೂಲೆಯಲ್ಲಿ ಕೂತು ಜಾಹೀರಾತು ತೋರಿಸುತ್ತಾ, ತಾನೇ ಒಂದಿಷ್ಟು ರ್‍ಯಾಮ್ ನುಂಗಿತು. ಕಿತ್ತು ಹಾಕಿದೆ. ಉಪಯೋಗಕ್ಕೆ ಬಂದವೆಲ್ಲ ಬೇರೆ. ಬ್ಯಾಟರಿಯಲ್ಲಿದ್ದಾಗ ಲ್ಯಾಪ್‌ಟಾಪು ಕರೆಂಟು ಉಳಿಸಲು ತಾನೇ ವೇಗ ತಗ್ಗಿಸುತ್ತದೆ, ಆದ್ದರಿಂದ ಚಾರ್ಜರ್ ಚುಚ್ಚಿಯೇ ಆಡಬೇಕು. ನಮ್ಮ ರೂಮಿನಲ್ಲಿರುವುದು ಒಂದೇ ಪ್ಲಗ್ಗು, ಅದರಲ್ಲಿ ಸೊಳ್ಳೆ ಮಷೀನು. ಅದನ್ನು ಕಿತ್ತು ಚಾರ್ಜರ್ ಹಾಕಿದೆ. ವೇಗವೂ ಬಂತು, ಸೊಳ್ಳೆಯೂ ಬಂತು. ಹಾಸಿಗೆ ಮೇಲಿಟ್ಟರೆ ತಳದ ಗಾಳಿಕಂಡಿ ಮುಚ್ಚಿಹೋಗುತ್ತದೆ ಅಂತ ಅಡಿಗೆ ಚಪಾತಿ ಮಣೆ ಇಟ್ಟುಕೊಂಡೆ. ಬೆಳಗ್ಗೆ ಎದ್ದು ಅಮ್ಮ ಮನೆಯೆಲ್ಲ ಮಣೆ ಹುಡುಕಿದಳು.

ಆಮೇಲೆ ರೆಸೊಲ್ಯೂಷನ್ನು. 1920×1080ರಲ್ಲಿ ಒಂದೊಂದು ಚಿತ್ರಕ್ಕೆ 20,73,600 ಚುಕ್ಕೆ ತುಂಬಬೇಕು. 1280×720ಕ್ಕೆ ಇಳಿಸಿದರೆ 9,21,600, ಅಂದರೆ ಅರ್ಧಕ್ಕಿಂತ ಕಡಿಮೆ. ಎಲ್ಲ ಕೊಂಚ ಮಬ್ಬಾಗಿ ಕಾಣುತ್ತದೆ. ನನಗೆ ಹೇಗೂ ಚಾಳೀಸು ಬರುವ ವಯಸ್ಸು, ವ್ಯತ್ಯಾಸ ಗೊತ್ತಾಗಲಿಲ್ಲ. ದೊಡ್ಡ ಹೊಟ್ಟೆಬಾಕ ಅಂದರೆ ನೆರಳು. ನೆರಳು ಎಲ್ಲೆಲ್ಲಿ ಬೀಳಬೇಕೆಂದು ತಿಳಿಯಲು ಬೆಳಕಿನ ಕಡೆಯಿಂದಲೂ ಇಡೀ ದೃಶ್ಯವನ್ನು ಇನ್ನೊಮ್ಮೆ ಬಿಡಿಸಬೇಕಂತೆ. ಪೂರ್ತಿ ಕಡಿಮೆ ಮಾಡಿದೆ. ಈಗ ನಮ್ಮ ಸೈನಿಕರಿಗೆ ನೆರಳೇ ಬೀಳುವುದಿಲ್ಲ. ಅಜ್ಜಿ ಇದ್ದಿದ್ದರೆ ಪರದೆಯ ಮೇಲೇ 'ನಾಳೆ ಬಾ' ಅಂತ ಬರೆಸುತ್ತಿದ್ದಳು.

ಕೊನೆಗೆ ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು, ಎಸ್‌.ಪಿ. ರೋಡಿಗೆ ನಡೆದೆ. ಆಳೆತ್ತರ ಕೀಬೋರ್ಡು ಪೇರಿಸಿದ ಪುಟ್ಟ ಅಂಗಡಿಯಲ್ಲಿ ಹುಡುಗನೊಬ್ಬ ಮಾತಾಡದೆ ಸ್ಕ್ರೂ ಬಿಚ್ಚಿ, ಫ್ಯಾನಿನ ಬಾಯಿಂದ ಇಕ್ಕಳದಲ್ಲಿ ಏನೋ ಎಳೆದ. ಧೂಳು, ಕೂದಲು, ಊದುಬತ್ತಿ ಹೊಗೆಯ ಜಿಡ್ಡು ಎಲ್ಲ ಸೇರಿ ಕಂಬಳಿ ತುಂಡಿನಂತೆ ಒಂದೇ ಹದಕ್ಕೆ ಕೂತಿತ್ತು. "ನಿಮ್ಮ ರೋಡ್ ಅಗೆದಿದ್ದಾರಾ ಸಾರ್?" ಅಂದ. ಅಗೆದು, ಮುಚ್ಚಿ, ಮತ್ತೆ ಅಗೆದಿದ್ದಾರೆ ಅಂದೆ. ಗಾಳಿ ಆಡದೆ ಬಿಸಿ ನೂರು ಡಿಗ್ರಿ ಹತ್ತಿರ ಹೋದರೆ ಪ್ರೊಸೆಸರು ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಪಾಪ, ಇಷ್ಟು ದಿನ ಅದು ಉಸಿರು ಕಟ್ಟಿಕೊಂಡೇ ಮೀಟಿಂಗಿಗೆ ಕೂತಿತ್ತು. ಹುಡುಗ ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ಖಾಲಿ ಸ್ಲಾಟಿನಲ್ಲಿ ಇನ್ನೊಂದು 8 ಜಿಬಿ ರ್‍ಯಾಮ್ ಕೂರಿಸಿದ. ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅದೂ ಇದೇ ರ್‍ಯಾಮಿನಿಂದಲೇ ಸಾಲ ಎತ್ತುತ್ತದೆ. ಮೆಮೊರಿಯ ಒಂದೇ ಸ್ಟಿಕ್ ಇದ್ದಾಗ ಮಾಹಿತಿ ಓಡಾಡಲು 64 ಬಿಟ್ ಅಗಲದ ದಾರಿ, ಎರಡಾದರೆ 128. ಆಟ ಸೆಕೆಂಡಿಗೆ 50 ಚಿತ್ರ ದಾಟಿತು. ಅಂಗಡಿಯಲ್ಲೇ ಕೂಗಿಬಿಡುತ್ತಿದ್ದೆ.

ಆ ಶನಿವಾರ ಕೊನೆಗೂ ಸರಿಯಾಗಿ ಆಡಿದೆ. ಗೆಳೆಯರಲ್ಲಿ ಒಬ್ಬ ಡಲ್ಲಾಸಿನಲ್ಲಿ, ಒಬ್ಬ ವೈಟ್‌ಫೀಲ್ಡಿನಲ್ಲಿ. ಮುಖ ನೋಡಿ ವರ್ಷಗಳಾದದ್ದು ವೈಟ್‌ಫೀಲ್ಡಿನವನದೇ. ಟ್ಯೂಷನ್ ತಪ್ಪಿಸಿ ಗಾಂಧಿ ಬಜಾರಿನ ಹಿಂದಿನ ಸೈಬರ್ ಕೆಫೆಯಲ್ಲಿ ಇದೇ ಮೂವರು ಕೌಂಟರ್ ಸ್ಟ್ರೈಕ್ ಆಡುತ್ತಿದ್ದಾಗ ಆ ಕಂಪ್ಯೂಟರುಗಳೂ ಅಂಥ ಓಟದವೇನಲ್ಲ. ಫ್ರೇಮ್ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. "ಹಿಂದೆ ನೋಡೋ ಲೇ!" ಅಂತ ಭುಜಕ್ಕೆ ಗುದ್ದಿದರೆ ಸಾಕಿತ್ತು. ಈಗ ಆಟ ತಡೆಯಿಲ್ಲದೆ ಓಡುತ್ತದೆ. ಒಂದು ಮ್ಯಾಚು ಮುಗಿಯುವಷ್ಟರಲ್ಲಿ ಡಲ್ಲಾಸಿನವನ ಮಗು ಅಳುತ್ತದೆ, ವೈಟ್‌ಫೀಲ್ಡಿನವನಿಗೆ ನಿದ್ದೆ ಬರುತ್ತದೆ.

ಭಾವನಿಗೆ ಸುದ್ದಿ ಮುಟ್ಟಿದ್ದು ಅಕ್ಕನಿಂದ. ನಿನ್ನೆ ಬಂದವರೇ ಆಟ ಹಾಕಿಸಿ, ಕೈಕಟ್ಟಿ ನಿಂತು ನೋಡಿದರು. ರ್‍ಯಾಮ್, ಧೂಳು, ಪೇಸ್ಟು ಅಂತ ನಾನು ವಿವರಿಸುತ್ತಿದ್ದರೆ ಕೈ ಅಡ್ಡ ಹಿಡಿದು, "ಅದೆಲ್ಲ ಇರ್ಲಿ ಬಿಡು. ರಿಫ್ರೆಶ್ ಅನ್ನೋದು ನಿಧಾನಕ್ಕೆ ಕೆಲಸ ಮಾಡತ್ತೆ" ಅಂದರು. ತುಮಕೂರಿನಲ್ಲಿ ಅವರ ಚಿಕ್ಕಪ್ಪನ ಕಂಪ್ಯೂಟರೂ ಸ್ಲೋ ಆಗಿದೆಯಂತೆ. ಈ ಭಾನುವಾರ ಇಬ್ಬರೂ ಹೋಗಿ ಬರುವುದೆಂದು ಫೋನಿನಲ್ಲಿ ಮಾತು ಕೊಟ್ಟೂ ಆಗಿದೆ.

"ಸ್ಕ್ರೂಡ್ರೈವರ್ ತಗೊಂಡ್ ಬಾ. ಬಿಚ್ಚೋದು ಜೋಡ್ಸೋದು ನೀನು ನೋಡ್ಕೋ, ರಿಪೇರಿ ನಾನ್ ಮಾಡ್ತೀನಿ."