ನರಕಾಸುರನಿಗೆ ರಾತ್ರಿ ಎಂಟರವರೆಗೆ ಜೀವದಾನ

ದೀಪಾವಳಿ ಹತ್ತಿರ ಬಂತು ಅಂತ ತಿಳಿಯಲು ಪಂಚಾಂಗ ಬೇಕಿಲ್ಲ. "ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹಸಿರು ಪಟಾಕಿ ಮಾತ್ರ" ಅನ್ನುವ ಆದೇಶ ಪತ್ರಿಕೆಯಲ್ಲಿ ಬಂದರೆ ಸಾಕು. ನೀರು ತುಂಬುವ ಹಬ್ಬ, ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿಗಳ ಜೊತೆ ಇದೂ ಒಂದು ಆಚರಣೆ. ಪಾಲಿಸುವವರಿಲ್ಲ, ಆದರೆ ಒಂದು ವರ್ಷವೂ ತಪ್ಪಿಸುವಂತಿಲ್ಲ.

ಇದರ ಮೂಲ 2018ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ಆದೇಶ. ಅದರಲ್ಲಿ ಸರಪಟಾಕಿಗೂ ನಿಷೇಧ ಇದೆ. ನಂಬಿಕೆ ಬರಲ್ಲ ಅಲ್ವಾ? ಬೀದಿ ಉದ್ದಕ್ಕೂ ಸರ ಹಾಸಿ ಬೆಂಕಿ ಇಡುವ ನಮ್ಮ ಗಲ್ಲಿ ನಾಯಕರಿಗೂ ಬರಲ್ಲ. ಉಲ್ಲಂಘನೆಯಾದರೆ ಆಯಾ ಠಾಣೆಯ ಅಧಿಕಾರಿಯೇ ಹೊಣೆ, ಅದು ನ್ಯಾಯಾಂಗ ನಿಂದನೆ ಅಂತಲೂ ಕೋರ್ಟ್ ಹೇಳಿತ್ತು. ಆ ಲೆಕ್ಕದಲ್ಲಿ ಪಾಡ್ಯದ ಮಾರನೇ ದಿನ ಠಾಣೆಗಳೆಲ್ಲ ಖಾಲಿಯಾಗಿ ಕಟಕಟೆ ತುಂಬಬೇಕಿತ್ತು.

ಹಳೇ ಮೈಸೂರಿನ ಕಡೆ ಚತುರ್ದಶಿಯ ನಸುಕಿನಲ್ಲೇ ಎದ್ದು, ಎಣ್ಣೆ ಸ್ನಾನ ಮುಗಿಸಿ ಪಟಾಕಿ ಹೊಡೆಯುವುದು ರೂಢಿ. ಆದೇಶದ ಪ್ರಕಾರ ಮಾತ್ರ ನರಕಾಸುರ ರಾತ್ರಿ ಎಂಟರವರೆಗೆ ಬದುಕಿರಬೇಕು. ತಮಿಳುನಾಡು ಕೋರ್ಟಿಗೆ ಹೋಗಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅಂತ ಹಂಚಿಕೊಂಡಿತು. ನಮಗೆ ಆ ಖರ್ಚು ಯಾಕೆ? ಹೇಗೂ ಗಡಿಯಾರ ನೋಡುವವರಿಲ್ಲ.

ಇನ್ನು ಹಸಿರು ಪಟಾಕಿ. ನಾಗಪುರದಲ್ಲಿರುವ ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆ ನೀರಿಯ (NEERI) ಸೂತ್ರ ಇದು. ಹೊಗೆಯ ಕಣಗಳು ಶೇ 30ರಷ್ಟು ಕಡಿಮೆ. ಉಳಿದ 70ಕ್ಕೆ ಹಸಿರು ಅಂತ ನಾಮಕರಣ. ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಆದರೆ ಮೊಬೈಲಿಗೆ ಬಿಡುವಾಗಬೇಕಲ್ಲ? ರೀಲ್ಸ್ ಯಾರು ಮಾಡಬೇಕು?

ಅದೇ ಮೊಬೈಲಿಗೆ ವರ್ಷ ವರ್ಷ ಬಂದು ಬೀಳುವ ಇನ್ನೊಂದು ಉಡುಗೊರೆ: "ದೀಪಾವಳಿ ರಾತ್ರಿ ಭಾರತ, ನಾಸಾ ತೆಗೆದ ಚಿತ್ರ". ದೇಶದ ತುಂಬಾ ಬಿಳಿ, ನೀಲಿ, ಹಸಿರು, ಕೆಂಪು ಚುಕ್ಕಿಗಳು. ಅಸಲಿಗೆ ಅದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ (NOAA) ವಿಜ್ಞಾನಿಯೊಬ್ಬರು ಹಲವು ವರ್ಷಗಳ ಉಪಗ್ರಹ ಮಾಹಿತಿ ಸೇರಿಸಿ 2003ರಲ್ಲಿ ಮಾಡಿದ ನಕ್ಷೆ. ಬಿಳಿ ಅಂದರೆ 1992ಕ್ಕೂ ಮೊದಲೇ ಇದ್ದ ಬೆಳಕು, ಕೆಂಪು ಅಂದರೆ 2003ರಲ್ಲಿ ಹೊಸದಾಗಿ ಕಂಡದ್ದು. ನಾವು ಹೆಮ್ಮೆಯಿಂದ ಫಾರ್ವರ್ಡ್ ಮಾಡುತ್ತಿರುವುದು ಹಣತೆಯ ಸಾಲನ್ನಲ್ಲ, ಲೇಔಟುಗಳಿಗೆ ಕರೆಂಟು ಬಂದ ಲೆಕ್ಕವನ್ನು. 2012ರಲ್ಲಿ ನಾಸಾ ದೀಪಾವಳಿ ಹೊತ್ತಿನ ನಿಜವಾದ ಚಿತ್ರವನ್ನೇ ಹಾಕಿತು. ಹಬ್ಬಕ್ಕೆಂದು ಹೆಚ್ಚಾಗುವ ಬೆಳಕು ಬಾಹ್ಯಾಕಾಶದಿಂದ ಗೊತ್ತೇ ಆಗದಷ್ಟು ಕಡಿಮೆ ಅಂತ ಬರೆಯಿತು. ಆ ಚಿತ್ರ ಸಪ್ಪೆ, ಕಪ್ಪು ಬಿಳುಪು. ಯಾರ ಗ್ರೂಪಿಗೂ ಬರಲಿಲ್ಲ. ಆಕಾಶದಿಂದ ನಮ್ಮ ಹಬ್ಬ ಹೇಗೆ ಕಾಣುತ್ತದೆ ಅಂತ ಇಷ್ಟು ಚಿಂತೆ ಮಾಡುವ ನಮಗೆ, ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚಿ ಕೆಮ್ಮುವುದು ಕೇಳಿಸುವುದಿಲ್ಲ. ಕೇಳಿಸುವುದಾದರೂ ಹೇಗೆ, ನಾಲ್ಕು ಮೀಟರ್ ದೂರಕ್ಕೆ 125 ಡೆಸಿಬೆಲ್ ಸದ್ದಿಗೆ ನಿಯಮವೇ ಅವಕಾಶ ಕೊಟ್ಟಿರುವಾಗ?

ಈ ಆದೇಶವನ್ನು ಯಾರೂ ಪಾಲಿಸುವುದಿಲ್ಲ ಅಂತ ಪೂರ್ತಿ ನಂಬಿ ಕೆಲಸ ಮಾಡುವ ಸರ್ಕಾರಿ ಸಂಸ್ಥೆಯೂ ಒಂದಿದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ. ಹಬ್ಬಕ್ಕೆ ಮೊದಲೇ ಹಾಸಿಗೆ ಕಾದಿರಿಸಿ, ವೈದ್ಯರನ್ನು ಹಗಲೂ ರಾತ್ರಿ ಕೂರಿಸಿರುತ್ತದೆ. ಎಂಟರಿಂದ ಹತ್ತು ಅಂತ ಹೊತ್ತು ಗೊತ್ತು ಮಾಡಿಕೊಂಡರೆ ಅವರಿಗೂ ಪೂರೈಸುವುದಿಲ್ಲ.